ಹೇಲುಬಟ್ಟೆ ಒಗೆಯುವವರು ಯಾರು?

ಹೆಸರು ಕೇಳಿಯೇ ಮೂಗು ಮುಚ್ಚಿಕೊಳ್ಳುವವರು ಈ ಪುಟ ಮಡಚಿಡಬಹುದು. ಕನ್ನಡ ಸಾಹಿತ್ಯದಲ್ಲಿ ತೊಟ್ಟಿಲು ಬಂದಿದೆ, ಜೋಗುಳ ಬಂದಿದೆ, ಹಸುಗೂಸಿನ ಬೊಚ್ಚುಬಾಯಿ ನಗು ಬಂದಿದೆ. ತೊಟ್ಟಿಲ ಕೆಳಗೆ ಬಿದ್ದಿರುವ ಬಟ್ಟೆ ಮಾತ್ರ ಬರಲಿಲ್ಲ. ಬರೆದವರು ಅದನ್ನು ಒಗೆದಿರಲಿಲ್ಲ. ಒಗೆದವರಿಗೆ ಅಕ್ಷರ ಇರಲಿಲ್ಲ. ಈಗ ನಮಗೆ ಅಕ್ಷರ ಬಂದಿದೆ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲ ತಲೆಮಾರು ನಾವು. ಆದ್ದರಿಂದ ಬರೆಯುತ್ತೇವೆ.

ನಮ್ಮಕ್ಕನಿಗೆ ಬರುವ ತಿಂಗಳು ಹೆರಿಗೆ. ಚೊಚ್ಚಲು. ಬಾಣಂತನ ನಮ್ಮ ಮನೇಲೇ. ಹುಟ್ಟೋಕೆ ಮುಂಚೆ ಕೂಸಿಗೆ ಹೊಸ ಬಟ್ಟೆ ತರಬಾರದು ಅನ್ನೋದು ನಮ್ಮ ಕೇರೀಲೂ ಐತೆ. ಇದನ್ನು ಬರೀ ಮೌಢ್ಯ ಅಂತ ನಕ್ಕು ಬಿಡಬೇಡಿ. ಹುಟ್ಟಿದ ಮೂರರಲ್ಲಿ ಎರಡು ಮಣ್ಣಿಗೆ ಹೋಗುತ್ತಿದ್ದ ಮನೆಗಳಲ್ಲಿ ಹೊಸ ಅಂಗಿ ಕೊಂಡಿಡಲು ಯಾವ ತಾಯಿಗೆ ಧೈರ್ಯ ಬಂದೀತು? ಹಾಗಾಗಿ ಹಳೇದನ್ನೇ ಕೂಡಿಸಿಡುತ್ತಾರೆ. ಅಜ್ಜಿ ತನ್ನ ಎರಡು ನೂಲಿನ ಸೀರೆ ತೆಗೆದಿಟ್ಟಿದ್ದಾಳೆ. 'ಹೊಸ ಬಟ್ಟೆ ಹೀರಲ್ಲ ಕಣ್ರಪ್ಪ. ನೂರು ನೀರು ಕಂಡ ಬಟ್ಟೆನೇ ಕೂಸಿನ ಕುಂಡಿಗೆ ಹಿತ' ಅಂತಾಳೆ. ಅವಳ ಮಾತು ಸರಿ. ಗಂಜಿ ಪೂರ್ತಿ ಹೋದ ಹಳೆ ನೂಲು ನೀರನ್ನು ಬೇಗ ಹೀರುತ್ತದೆ, ಬೇಗ ಒಣಗುತ್ತದೆ, ಎಳೆ ಚರ್ಮವನ್ನು ಉಜ್ಜುವುದಿಲ್ಲ.

ಲೆಕ್ಕ ಹೀಗಿದೆ. ಸೀರೆ ಸುಮಾರು 5.5 ಮೀಟರ್. ಮೊಳದ ಮೇಲೆ ಅರ್ಧ ಗೇಣಿನ ಚೌಕ ಹರಿದರೆ 20 ತುಂಡು ಬರುತ್ತವೆ. ಎಳೆಗೂಸು ಹಗಲು ರಾತ್ರಿ ಸೇರಿ ಹತ್ತು ಹನ್ನೆರಡು ಸಲ ಉಚ್ಚೆ ಹೊಯ್ಯುತ್ತದೆ, ಹೇಲುವುದು ಬೇರೆ. ಅಂದರೆ ಒಂದು ಸೀರೆ ಕೂಸಿನ ಕೆಳಗೆ, ಒಂದು ಸೀರೆ ಹಗ್ಗದ ಮೇಲೆ. ಮಳೆಗಾಲದಲ್ಲಿ ಕೆಂಡದ ಮೇಲೆ ಮಂಕರಿ ಬೋರಲು ಹಾಕಿ ಅದರ ಮೇಲೆ ಒಣಗಿಸಬೇಕು. ಮೊದಲು ತಣ್ಣೀರಲ್ಲಿ ಹೇಲು ಬಿಡಿಸಬೇಕು, ಆಮೇಲೆ ಸೋಪು, ಆಮೇಲೆ ಎರಡು ಸಲ ಜಾಲಾಡಬೇಕು. ಚಿಕ್ಕಪ್ಪನ ಮಗು ಹುಟ್ಟಿದಾಗ ನಾವೇ ಎಣಿಸಿದ್ದೆವು: ದಿನಕ್ಕೆ 5 ಕೊಡ ನೀರು. ನಮ್ಮ ಕೇರಿಯಲ್ಲಿ ಮನೆಮುಂದೆ ನಲ್ಲಿ ನಿಂತಿದೆ. ನೀರು ಮಾತ್ರ ಮೂರು ದಿನಕ್ಕೊಮ್ಮೆ. ಬಟ್ಟೆಯ ಗುಣಗಾನ ಮಾಡುವ ಯಾರೂ ಈ 5 ಕೊಡದ ಮಾತು ಎತ್ತುವುದಿಲ್ಲ.

ಈಗ ಗಂಟಿನ ವಿಷಯಕ್ಕೆ ಬರೋಣ.

ನಮ್ಮವ್ವ ಬೆಳಗಿನ ಬಸ್ಸಿಗೆ ಪೇಟೆಗೆ ಹೋಗಿ ಎರಡು ಮನೆ ಕೆಲಸ ಮಾಡುತ್ತಾಳೆ. ಒಂದು ಮನೆಯಲ್ಲಿ ವರ್ಷದ ಮಗು ಐತೆ. ಓದಿದ ಜನ, ಕೆಟ್ಟ ಜನ ಅಲ್ಲ. ಪ್ಲಾಸ್ಟಿಕ್ ಡೈಪರ್ ಮುಟ್ಟುವುದಿಲ್ಲ, ಭೂಮಿಗೆ ವಿಷ ಅಂತಾರೆ. ಗುಂಡಿ ಹೊಲಿದ ಬಣ್ಣ ಬಣ್ಣದ ಬಟ್ಟೆ ಡೈಪರ್ ತರಿಸಿದ್ದಾರೆ, ಒಂದೊಂದಕ್ಕೆ ನೂರಾರು ರೂಪಾಯಿ. ಇದೆಲ್ಲ ನಮ್ಮ ಅಜ್ಜಿಯರ ಕಾಲದ ಜ್ಞಾನ ಅಂತ ಬಂದವರಿಗೆಲ್ಲ ಹೇಳುತ್ತಾರೆ. ಆ ಜ್ಞಾನದ ಬಕೆಟ್ಟು ಮಾತ್ರ ಬಚ್ಚಲಲ್ಲಿ ನಮ್ಮವ್ವನಿಗಾಗಿ ಕಾದಿರುತ್ತದೆ. ಮೊದಲು ಪಾತ್ರೆ, ನೆಲ ಎಂದು ಮಾತಾಗಿತ್ತು. ಬಕೆಟ್ಟು ಆಮೇಲೆ ಸೇರಿಕೊಂಡಿತು. ಸಂಬಳ ಸೇರಿಕೊಳ್ಳಲಿಲ್ಲ.

ಹೋದ ವಾರ ಅವರು ಅವ್ವನ ಕೈಗೆ ಒಂದು ಗಂಟು ಕೊಟ್ಟರು. 'ನಮ್ಮ ಪಾಪುಗೆ ಚಿಕ್ಕದಾಯ್ತು, ನಿನ್ನ ಮೊಮ್ಮಗೂಗೆ ಆಗುತ್ತೆ, ತಗೊಂಡೋಗಮ್ಮ.' ಅವ್ವ ಖುಷಿಯಿಂದ ತಂದಳು. ನಾವು ಅಣ್ಣತಮ್ಮ ಇಬ್ಬರೂ ಬೇಡ ಅಂದೆವು. ಜಗಳ ಆಯಿತು.

'ನಿಮ್ಮನ್ನ ಓದಿಸಿದ್ದು ಇದಕ್ಕೇನ್ರಲಾ? ಹತ್ತು ಬಟ್ಟೆ ಬಿಟ್ಟಿ ಬಂದ್ರೆ ನಿಮಗೇನು ಕಷ್ಟ? ವರ್ಷ ಪೂರ್ತಿ ಅದನ್ನ ಒಗೆದೋಳು ನಾನೇ ತಾನೆ?'

ಆ ಮಾತಿಗೆ ಅವತ್ತು ನಮ್ಮ ಹತ್ತಿರ ಉತ್ತರ ಇರಲಿಲ್ಲ. ಈ ಬರಹ ಆ ಉತ್ತರ ಹುಡುಕುವ ಪ್ರಯತ್ನ.

ಗೆಳೆಯರೇ, ಹಳೆ ಬಟ್ಟೆ ಈ ದೇಶದಲ್ಲಿ ಬರೀ ಬಟ್ಟೆಯಲ್ಲ. ಅದಕ್ಕೂ ಒಂದು ಶಾಸ್ತ್ರವಿದೆ. ಮನುಸ್ಮೃತಿಯ ಹತ್ತನೇ ಅಧ್ಯಾಯವು ಸೇವೆ ಮಾಡುವ ಶೂದ್ರನಿಗೆ ಎಂಜಲು ಅನ್ನವನ್ನೂ ಉಟ್ಟು ಹಳತಾದ ಬಟ್ಟೆಯನ್ನೂ ಕೊಡಬೇಕೆಂದು ವಿಧಿಸಿತು. ಊರಾಚೆಯ ಚಂಡಾಲನಿಗೆ ಅದೂ ಇಲ್ಲ, ಹೆಣದ ಮೇಲಿನ ಬಟ್ಟೆ. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಬಾಬಾಸಾಹೇಬರ ಮುಂದಾಳ್ತನದಲ್ಲಿ ನಮ್ಮ ಜನ ಆ ಗ್ರಂಥವನ್ನು ಸುಟ್ಟರು. ಗ್ರಂಥ ಉರಿಯಿತು. ಗಂಟು ಉರಿಯಲಿಲ್ಲ. ಅದು ಇವತ್ತಿಗೂ ಹಿತ್ತಿಲ ಬಾಗಿಲಲ್ಲಿ ಕೈ ಬದಲಾಗುತ್ತಿದೆ, ಪ್ರೀತಿಯ ಮಾತಿನ ಜೊತೆಗೇ ಬದಲಾಗುತ್ತಿದೆ. ನಮ್ಮಜ್ಜಿಯ ಸೀರೆಯೂ ಹಳೆಯದೇ. ಆದರೆ ಅದು ಮನೆಯಿಂದ ಮನೆಗೆ, ಮಡಿಲಿಂದ ಮಡಿಲಿಗೆ ಬಂದದ್ದು. ಪೇಟೆಯ ಗಂಟು ಮೇಲಿನಿಂದ ಕೆಳಕ್ಕೆ ಇಳಿದದ್ದು. ಅದು ಎಂದಾದರೂ ಕೆಳಗಿನಿಂದ ಮೇಲಕ್ಕೆ ಹೋಗಿದೆಯೇ? ನಮ್ಮಜ್ಜಿಯ ಸೀರೆಯ ತುಂಡನ್ನು, ಎಷ್ಟೇ ಮೆತ್ತಗಿರಲಿ, ಎಷ್ಟೇ ಒಗೆದಿರಲಿ, ಆ ಮನೆಯ ಪಾಪುವಿಗೆ ಸುತ್ತುತ್ತಾರೆಯೇ? ಸುತ್ತುವ ದಿನ ಬಂದರೆ ನಾವೂ ಅವರ ಗಂಟನ್ನು ತಲೆಯ ಮೇಲೆ ಹೊತ್ತು ತರುತ್ತೇವೆ.

ಅಜ್ಜಿ ಸೂಲಗಿತ್ತಿಯಾಗಿದ್ದಳು. ನಡುರಾತ್ರಿ ಲಾಟೀನು ಹಿಡಿದು ಊರಿನವರು ಕೇರಿಗೆ ಬರುತ್ತಿದ್ದರು. ಆ ಹೊತ್ತಿನಲ್ಲಿ ಜಾತಿ ಇರಲಿಲ್ಲ. ಹಿತ್ತಿಲ ಬಾಗಿಲಿನಿಂದ ಕರೆದುಕೊಂಡು ಹೋಗಿ ಕೊಟ್ಟಿಗೆ ಪಕ್ಕದ ಕತ್ತಲೆ ಕೋಣೆಗೆ ಬಿಡುತ್ತಿದ್ದರು. ಕೂಸನ್ನು ಹಿಡಿದು, ಹೊಕ್ಕುಳಬಳ್ಳಿ ಕೊಯ್ದು, ಮಾಸು ಹೂತು, ರಕ್ತದ ಬಟ್ಟೆಯನ್ನು ಹಳ್ಳಕ್ಕೆ ಒಯ್ದು ಒಗೆದು ಬರುತ್ತಿದ್ದಳು. ಪುರುಡು ಕಳೆಯುವವರೆಗೆ ದಿನವೂ ಹೋಗಿ ಬಾಣಂತಿಯ ಬಟ್ಟೆ, ಕೂಸಿನ ಬಟ್ಟೆ. ಹನ್ನೊಂದನೇ ದಿನ ಪುರೋಹಿತರು ಬಂದು ಮಾವಿನೆಲೆಯಲ್ಲಿ ನೀರು ಚಿಮುಕಿಸುತ್ತಿದ್ದರು. ಮನೆ ಮಡಿಯಾಯಿತು. ಆ ಕ್ಷಣದಿಂದ ನಮ್ಮಜ್ಜಿ ಹೊರಗೆ. ಅವಳಿಗೆ ಮೊರದಲ್ಲಿ ರಾಗಿ, ಎಲೆ ಅಡಿಕೆ, ಮತ್ತೆ ಅದೇ ಹಳೆ ಸೀರೆ. ಅವಳ ಅಂಗೈಗೆ ಬಿದ್ದು ಮೊದಲ ಅಳು ಅತ್ತ ಕೂಸು ಐದು ವರ್ಷ ತುಂಬುವುದರೊಳಗೆ ಅವಳನ್ನು ಜಾತಿ ಹಿಡಿದು 'ಏಯ್' ಎಂದು ಕರೆಯಲು ಕಲಿಯುತ್ತಿತ್ತು. ಕಲಿಸಿದವರು ಯಾರು? ನೀರು ಚಿಮುಕಿಸಿದ ಕೈ ಪೂಜ್ಯ, ನೀರಲ್ಲಿ ನೆನೆದ ಕೈ ಮೈಲಿಗೆ ಎಂದು ತೀರ್ಮಾನಿಸಿದವರು ಯಾರು?

ಪಾವಗಡದ ಸೂಲಗಿತ್ತಿ ನರಸಮ್ಮನವರು 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಆ ತಾಯಿಗೆ ನಮ್ಮ ನಮಸ್ಕಾರ. ಒಬ್ಬರ ಎದೆಗೆ ಪದಕ ಬಂತು. ಅವರಂಥ ಸಾವಿರಾರು ಮುದುಕಿಯರು ಕೇರಿಗಳಲ್ಲಿ ಪಿಂಚಣಿಗೆ ಅಲೆದು ಸತ್ತರು. ಈಗ ಹೆರಿಗೆ ಆಸ್ಪತ್ರೆಗೆ ಹೋಗಿದೆ, ಹೋಗಬೇಕಾದದ್ದೇ. ಬಡ ಬಾಣಂತಿಯರಿಗೆ ಸೊಳ್ಳೆಪರದೆ, ಸೋಪು, ಮಗುವಿನ ಬಟ್ಟೆ ಕೊಡುವ ಮಡಿಲು ಯೋಜನೆಯನ್ನು 2007ರಲ್ಲಿ ಕರ್ನಾಟಕ ಸರ್ಕಾರ ತಂದಿತು. ಅದು ದಾನ ಅಲ್ಲ, ಹಕ್ಕು. ಹೊಸ ಬಟ್ಟೆ ಹಕ್ಕಾಗಿ ಬರುವುದಕ್ಕೂ ಹಳೆ ಬಟ್ಟೆ ದಯೆಯಾಗಿ ಬರುವುದಕ್ಕೂ ಇರುವ ಅಂತರವೇ ನಮ್ಮ ಚಳವಳಿ.

ಮೋಸ ನಮ್ಮ ನುಡಿಯೊಳಗೇ ಕೂತಿದೆ. ಒಗೆದ ಬಟ್ಟೆಗೂ ಮಡಿ ಅಂತೀವಿ. ದೂರ ನಿಲ್ಲು, ಮುಟ್ಟಬೇಡ ಅನ್ನೋದಕ್ಕೂ ಮಡಿ ಅಂತೀವಿ. ಮಡಿ ಮಾಡಿಕೊಡುವವನು ಮಡಿವಾಳ. ಆದರೆ ಊರಿಗೆಲ್ಲ ಮಡಿ ಹಂಚಿದ ಮಡಿವಾಳನೇ ಮೈಲಿಗೆ. ಹನ್ನೆರಡನೇ ಶತಮಾನದಲ್ಲಿ ಮಡಿವಾಳ ಮಾಚಿದೇವರು ಶರಣರ ಬಟ್ಟೆ ಒಗೆದರು, ಅದನ್ನು ಕಾಯಕವೆಂದು ತಲೆಯೆತ್ತಿ ಒಗೆದರು. ತಾನೇ ಆರಿಸಿ ಒಗೆಯುವುದು ಕಾಯಕ. ಹುಟ್ಟಿನಿಂದ ಹೊರಿಸಿ ಒಗೆಸುವುದು ಜೀತ. ಈ ಎರಡನ್ನೂ ಒಂದೇ ಎಂದು ಭಾಷಣ ಬಿಗಿಯುವ ಮಠಗಳ ಬಗ್ಗೆ ಎಚ್ಚರ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಊರ ಬಾಣಂತಿಯ ಬಟ್ಟೆ ಒಗೆಯುತ್ತಿದ್ದ ಅಗಸ ನಮ್ಮ ಕೇರಿಗೆ ಕಾಲಿಡುತ್ತಿರಲಿಲ್ಲ. ಅವನಿಗೂ ಕೆಳಗೆ ನಾವಿದ್ದೆವು. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದದ್ದು ಇದನ್ನೇ. ಆಯದ ಕಾಳಿಗೆ ಕಾದು ಅವಮಾನ ಉಂಡ ಅಗಸನ ಮಗನೂ ನಾವೂ ಒಂದೇ ಕಲ್ಲಿನ ಮೇಲೆ ಬಡಿಸಿಕೊಂಡ ಬಟ್ಟೆಗಳು. ಆತ ಇದನ್ನು ಅರಿಯುವ ತನಕ ಮೇಲಿನವರಿಗೆ ನಿದ್ದೆ ಚೆನ್ನಾಗಿಯೇ ಬರುತ್ತದೆ.

ಹಾಗಾದರೆ ಪ್ಲಾಸ್ಟಿಕ್ಕೇ ವಾಸಿಯೇ? ನಮ್ಮ ಹುಡುಗರು ಕೆಲವರು ಹಾಗೆ ವಾದಿಸುತ್ತಾರೆ. ಒಗೆಯೋದೇ ಬೇಡ, ಬಿಸಾಡಿದರೆ ಮುಗೀತು. ಬಿಸಾಡಿದ್ದು ಎಲ್ಲಿಗೆ ಹೋಗುತ್ತದೆ? 1961ರಲ್ಲಿ ಅಮೆರಿಕದ ಅಂಗಡಿಗೆ ಬಂದ ಪ್ಯಾಂಪರ್ಸ್ ಇವತ್ತು ನಮ್ಮ ಹಳ್ಳಿಯ ಶೆಟ್ಟಿ ಅಂಗಡಿಯಲ್ಲಿ ಬಿಡಿಯಾಗಿ ನೇತಾಡುತ್ತದೆ. ಹೊರಗೆ ಪ್ಲಾಸ್ಟಿಕ್, ಒಳಗೆ ಮರದ ತಿರುಳು, ಅದರ ನಡುವೆ ನೀರು ಕುಡಿದು ಲೋಳೆಯಾಗುವ ಸೋಡಿಯಂ ಪಾಲಿಅಕ್ರಿಲೇಟ್ ಪುಡಿ. ಹಳ್ಳಿಯಲ್ಲಿ ಅದು ಕೆರೆ ಏರಿಯ ಮೇಲೆ ಬೀಳುತ್ತದೆ, ನಾಯಿ ಎಳೆದಾಡುತ್ತದೆ. ಪೇಟೆಯಲ್ಲಿ ಅದು ಅನ್ನ, ಸಿಪ್ಪೆ, ಕಾಗದದ ಜೊತೆ ಒಂದೇ ಬುಟ್ಟಿಗೆ ಬೀಳುತ್ತದೆ. ಬೆಳಗ್ಗೆ ಆ ಬುಟ್ಟಿಗೆ ಕೈ ಹಾಕಿ ಬೇರ್ಪಡಿಸುವವರು ಯಾರು? ಪೌರಕಾರ್ಮಿಕ ಹೆಣ್ಣುಮಕ್ಕಳು. ಅವರಲ್ಲಿ ಬಹುಪಾಲು ಯಾವ ಕೇರಿಯವರು ಎಂದು ನಾವು ಬಿಡಿಸಿ ಹೇಳಬೇಕೇ?

1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರದ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶಕ್ಕೆ 1993ರಲ್ಲಿ ಒಂದು ಕಾನೂನು ಬಂತು, 2013ರಲ್ಲಿ ಇನ್ನೊಂದು. ಆ ಕಾನೂನು ಕಕ್ಕಸನ್ನು ಹೆಸರಿಸಿತು, ತೆರೆದ ಚರಂಡಿಯನ್ನು, ಗುಂಡಿಯನ್ನು, ರೈಲು ಹಳಿಯನ್ನು ಹೆಸರಿಸಿತು. ಕಸದ ಬುಟ್ಟಿಯ ಡೈಪರನ್ನು ಹೆಸರಿಸಲಿಲ್ಲ. 2016ರ ಘನತ್ಯಾಜ್ಯ ನಿಯಮಗಳು ಡೈಪರ್ ಮಾಡುವ ಕಂಪನಿಗಳು ಸುತ್ತಿ ಎಸೆಯಲು ಪೊಟ್ಟಣವನ್ನೂ ಕೊಡಬೇಕು, ಮನೆಯವರು ಸುತ್ತಿ ಬೇರೆಯಾಗಿ ಕೊಡಬೇಕು ಎಂದವು. ಎಷ್ಟು ಮನೆಯವರು ಸುತ್ತಿದರು? ಕೂಸಿನ ಹೇಲನ್ನು ಕಕ್ಕಸಿಗೆ ಬಗ್ಗಿಸಿ, ಕಾಗದದಲ್ಲಿ ಸುತ್ತಲು ಒಂದು ನಿಮಿಷ ಸಾಕು. ಆ ಒಂದು ನಿಮಿಷವನ್ನೂ ನಮ್ಮ ಹೆಣ್ಣುಮಕ್ಕಳ ಕೈಗೇ ವರ್ಗಾಯಿಸಿದರು. ಬಟ್ಟೆಯಾದರೆ ಬಕೆಟ್ಟು ನಮಗೆ, ಪ್ಲಾಸ್ಟಿಕ್ ಆದರೆ ಬುಟ್ಟಿ ನಮಗೆ. ಬಟ್ಟೆಯೋ ಪ್ಲಾಸ್ಟಿಕ್ಕೋ ಎಂಬ ಅವರ ಚರ್ಚೆಯಲ್ಲಿ ಕೈ ಯಾರದು ಎಂಬ ಪ್ರಶ್ನೆಯೇ ಇಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಾವೂ ಕಪಟಿಗಳು. ಈಗ ನಮ್ಮ ಕಡೆಗೇ ತಿರುಗೋಣ.

ನಾವು ಸಭೆಗೆ ಹೋಗುತ್ತೇವೆ. ತಮಟೆ ಬಡಿದು ಹಾಡುತ್ತೇವೆ. ನಡುರಾತ್ರಿ ಮನೆಗೆ ಬಂದಾಗ ನಮ್ಮ ಹೆಂಡತಿ, ನಮ್ಮ ಅತ್ತಿಗೆ, ನಮ್ಮ ತಂಗಿ ಬಚ್ಚಲಲ್ಲಿ ಕೂತು ಕೂಸಿನ ಬಟ್ಟೆ ಒಗೆಯುತ್ತಿರುತ್ತಾರೆ. ನಾವು ಮೂಗು ಮುರಿದು ದಾಟಿ ಹೋಗುತ್ತೇವೆ. ನಮ್ಮದೇ ಕೂಸು, ನಮ್ಮದೇ ರಕ್ತ. ಆದರೂ ಅದರ ಹೇಲು ನಮಗೆ ಮೈಲಿಗೆ. ನಮ್ಮನ್ನು ಮುಟ್ಟದವನಿಗೂ ನಮಗೂ ಆ ಬಚ್ಚಲ ಬಾಗಿಲಲ್ಲಿ ಏನು ವ್ಯತ್ಯಾಸ? ಊರು ನಮ್ಮಜ್ಜಿಗೆ ಮಾಡಿದ್ದನ್ನೇ ನಾವು ನಮ್ಮ ಮನೆಯ ಹೆಂಗಸಿಗೆ ಮಾಡುತ್ತಿದ್ದೇವೆ. ಮನುವನ್ನು ಬೀದಿಯಲ್ಲಿ ಸುಟ್ಟು ಬಚ್ಚಲಲ್ಲಿ ಸಾಕುವುದು ಬಂಡಾಯವಲ್ಲ.

ಆದ್ದರಿಂದ ನಮ್ಮ ಮಾತು ಸ್ಪಷ್ಟವಾಗಿದೆ. ಯಾರ ಕೂಸೋ ಅವರ ಕೈ. ತಾಯಿಯದಷ್ಟೇ ತಂದೆಯದೂ. ಬಾಣಂತಿ ಏಳಲಾರದ ದಿನಗಳಲ್ಲಿ ಪೂರ್ತಿ ತಂದೆಯದೇ. ಇನ್ನೊಬ್ಬರ ಕೈ ಬೇಕೆಂದರೆ ಆ ಕೆಲಸಕ್ಕೆ ಬೇರೆ ಕೂಲಿ, ಮೊದಲೇ ಮಾತಾಡಿದ ಕೂಲಿ. ಹಳೆ ಬಟ್ಟೆ ಕೂಲಿಯಲ್ಲ. ಡೈಪರ್ ಹಾಕುವವರು ತೊಳೆದು ಸುತ್ತಿ ಬೇರೆಯಾಗಿ ಕೊಡಲಿ. ಪೌರಕಾರ್ಮಿಕರಿಗೆ ಕೈಗವಸು ಫೋಟೋ ತೆಗೆಯುವ ದಿನ ಮಾತ್ರವಲ್ಲ, ದಿನವೂ ಸಿಗಲಿ. ಪ್ರತಿ ಕೇರಿಗೆ ದಿನವೂ ನೀರು ಬರಲಿ. ಹಳ್ಳಿಯ ಮೇಷ್ಟರುಗಳೇ, ಪುರುಡಿನ ಮೈಲಿಗೆ ಎಂಬುದಿಲ್ಲ, ಇರುವುದು ಸೋಪು, ನೀರು, ಬಿಸಿಲು ಎಂದು ಮಕ್ಕಳಿಗೆ ಹೇಳಿ. ಹೆಣ್ಣುಮಕ್ಕಳಿಗೆ ಮಾತ್ರವಲ್ಲ, ಗಂಡುಮಕ್ಕಳನ್ನು ಮುಂದಿನ ಬೆಂಚಿಗೆ ಕೂರಿಸಿ ಹೇಳಿ. ವಿದ್ಯಾರ್ಥಿ ಮಿತ್ರರೇ, ಹಾಸ್ಟೆಲಿನಿಂದ ರಜಕ್ಕೆ ಊರಿಗೆ ಹೋದಾಗ ಅಕ್ಕನ ಕೂಸಿನ ನಾಲ್ಕು ಬಟ್ಟೆ ಒಗೆದು ಬನ್ನಿ. ಆಮೇಲೆ ಪದ್ಯ ಬರೆಯಿರಿ.

ಭಾವನಿಗೆ ಈ ಮಾತು ಹೇಳಿದಾಗ ಮೊದಲು ನಕ್ಕರು. ಆಮೇಲೆ ಸುಮ್ಮನಾದರು. ಹೋದ ಭಾನುವಾರ ಅಜ್ಜಿ ಜಗಲಿಯ ಮೇಲೆ ಕೂತು ತನ್ನ ಸೀರೆ ಹರಿದು ತುಂಡು ಮಾಡಿ, ಹೇಗೆ ಮಡಿಸಬೇಕು, ಹೇಗೆ ಸುತ್ತಬೇಕು, ಎಷ್ಟು ಸಡಿಲ ಬಿಡಬೇಕು ಎಂದು ಭಾವನಿಗೂ ನಮ್ಮಿಬ್ಬರಿಗೂ ಒಂದು ದಿಂಬಿನ ಮೇಲೆ ತೋರಿಸಿಕೊಟ್ಟಳು. ಹಾದು ಹೋಗುವವರು ನಿಂತು ನಕ್ಕರು. ನಗಲಿ.

ಪೇಟೆಯ ಗಂಟು ಇನ್ನೂ ಗೂಟದಲ್ಲಿ ನೇತಾಡುತ್ತಿದೆ. ಅವ್ವನಿಗೆ ಕೊಡಬೇಕಾದ ಉತ್ತರ ಈಗ ಸಿಕ್ಕಿದೆ. ಹೌದವ್ವ, ಒಗೆದೋಳು ನೀನೇ. ಅದಕ್ಕೇ ಆ ಗಂಟು ವಾಪಸ್ ಕೊಟ್ಟು, ಒಂದು ವರ್ಷ ಒಗೆದ ಕೂಲಿ ಕೇಳು. ಕೇಳಿದರೆ ಕೆಲಸ ಹೋದೀತು ಅಂತ ಅವ್ವ ಹೆದರುತ್ತಾಳೆ. ಆ ಹೆದರಿಕೆ ಸುಳ್ಳಲ್ಲ. ಮನೆಗೆಲಸದ ಹೆಣ್ಣುಮಕ್ಕಳನ್ನೆಲ್ಲ ಕೂಡಿಸಿ ಒಟ್ಟಿಗೆ ಕೇಳದ ಹೊರತು ಒಬ್ಬಳ ಬಾಯಿಂದ ಆ ಮಾತು ಬರುವುದು ಕಷ್ಟ. ಕೂಡಿಸುವ ಕೆಲಸ ನಮ್ಮದು. ಬರುವ ತಿಂಗಳು ನಮ್ಮ ಮನೆಗೆ ಒಂದು ಕೂಸು ಬರುತ್ತದೆ. ಅದಕ್ಕೆ ಮಾತು ಬರುವ ಹೊತ್ತಿಗಾದರೂ ಆ ಗೂಟ ಖಾಲಿಯಾಗಿರಬೇಕು.