ಕುದುರೆ ಬಿಡುವವರು ಜುಲೈನಲ್ಲೂ ಬಂದು ನೋಡಲಿ

ಹುಬ್ಬಳ್ಳಿಯಲ್ಲಿ ಮೆರವಣಿಗೆಗೆಂದೋ ಹವ್ಯಾಸಕ್ಕೆಂದೋ ಕುದುರೆ ಕೊಂಡವರು ಜಾಗ ಕೇಳಿಕೊಂಡು ನಮ್ಮ ಕಡೆ ಬರುತ್ತಾರೆ. ತಿಂಗಳಿಗಿಷ್ಟು ಕೊಡುತ್ತೇವೆ, ವರ್ಷಪೂರ್ತಿ ನಿಮ್ಮ ಹೊಲದಲ್ಲೇ ಇರಲಿ ಅನ್ನುತ್ತಾರೆ. ನನ್ನದು ಅಣ್ಣಿಗೇರಿ ಸೀಮೆಯ ಎರೆ ಹೊಲ. ಬರುವ ದುಡ್ಡು ಯಾರಿಗೆ ಬೇಡ? ಆದರೂ ವರ್ಷದ ಕರಾರಿಗೆ ನಾನು ಒಪ್ಪುವುದಿಲ್ಲ.

ಅವರು ಬರುವುದು ಫೆಬ್ರವರಿಯಲ್ಲಿ. ಆಗ ಕಡಲೆ ಕಿತ್ತಿರುತ್ತದೆ, ನೆಲ ಒಣಗಿ ಗಟ್ಟಿಯಾಗಿರುತ್ತದೆ, ಕಣ್ಣು ಹಾಯುವಷ್ಟೂ ಬಯಲು. ಜುಲೈನಲ್ಲಿ ಬಂದರೆ ಅದೇ ಮಣ್ಣು ಚಪ್ಪಲಿ ಕಿತ್ತುಕೊಳ್ಳುತ್ತದೆ. ಹಗಲೂ ರಾತ್ರಿ ಆ ಕೆಸರಲ್ಲಿ ನಿಂತ ಕುದುರೆಯ ಗೊರಸು ಎತ್ತಿ ನೋಡಿ: ತಳದ ಸಂದಿಯಲ್ಲಿ ಕಪ್ಪು ಲೋಳೆ, ಮೂಗು ಮುಚ್ಚಿಕೊಳ್ಳುವ ನಾತ. ಬೆಣ್ಣಿಹಳ್ಳ ಉಕ್ಕಿದರಂತೂ ದಂಡೆಯ ಹೊಲಗಳು ಕೇಳುವುದೇ ಬೇಡ. ಮಳೆಗಾಲಕ್ಕೆ ಕಲಘಟಗಿ ಕಡೆಯ ಮಸಾರಿ ಇಳಿಜಾರೇ ವಾಸಿ. ಮಳೆ ಅಲ್ಲೇ ಹೆಚ್ಚು, ಆದರೆ ನೀರು ನಿಲ್ಲುವುದಿಲ್ಲ, ಹುಲ್ಲೂ ಉಂಟು. ಮೇಲೊಂದು ತಗಡಿನ ಚಪ್ಪರ, ಜೊತೆಗೆ ಇನ್ನೊಂದು ಕುದುರೆ ಇದ್ದರೆ ಸಾಕು.

ಕುರಿಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬಲೆ, ಗೂಟ, ಪಾತ್ರೆ ಹೊತ್ತು ನಮ್ಮ ಹೊಲಕ್ಕೆ ಬರುವ ಅವರ ಕುದುರೆ ಸೂರು ಕಂಡದ್ದಲ್ಲ. ನೆಲ ಕೆಟ್ಟರೆ ಬಿಡಾರವೇ ಏಳುತ್ತದೆ. (ಮುಂಗಾಲಿಗೆ ಹಗ್ಗ ಬಿಗಿದು ಮೇಯಲು ಬಿಡುವುದು ಮಾತ್ರ ನನಗೆ ಸೇರದು.)

ಜೋಳದ ಹೊಲ ತೋರಿಸಿ ಮೇಯಲಿ ಬಿಡ್ರಿ ಅನ್ನುವ ಧಾರಾಳಿಗಳಿಂದ ದೂರವಿರಿ. ಎಳೆ ಜೋಳ, ಕೂಳೆಯ ಚಿಗುರಲ್ಲಿ ಸೈನೈಡ್ ವಿಷ ಇರುತ್ತದೆಂದು ದನ ಕಟ್ಟಿದವರಿಗೆಲ್ಲ ಗೊತ್ತು. ಕುದುರೆ ಹಸಿ ಜೋಳವನ್ನೇ ವಾರಗಟ್ಟಲೆ ಮೇಯ್ದರೆ ಹಿಂಗಾಲು ತಡವರಿಸಿ, ಮೂತ್ರ ಸೋರತೊಡಗುತ್ತದೆ. ಒಣಗಿದ ಕಣಕಿ ನಡೆದೀತು, ಬೂಸಲು ಹಿಡಿದಿರಬಾರದು. ಕುದುರೆಗೆ ವಾಂತಿ ಮಾಡಿ ಹೊರಹಾಕಲು ಬರುವುದಿಲ್ಲ. ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕು, ಬಿಸಿಲಿಗೆ ಇನ್ನೂ ಹೆಚ್ಚು. ಮುಳ್ಳುತಂತಿ ಬೇಲಿ ಕಂಡರೆ ಮಾತೇ ಆಡದೆ ಹೊರಡಿ.

ಪೀಕು ನಿಂತ ತಿಂಗಳುಗಳಲ್ಲಿ ಊರ ಗಾಯರಾಣವಾದರೂ ಆಸರೆಯಾಗಬೇಕಿತ್ತು. 100 ದನಕ್ಕೆ 12 ಹೆಕ್ಟೇರ್ ಮೇವಿನ ನೆಲ ಬಿಡಬೇಕೆಂದು 1966ರ ಕಂದಾಯ ನಿಯಮ ಹೇಳುತ್ತದೆ. ಉಳಿದ ತುಂಡಲ್ಲಿ ಈಗ ಕಾಂಗ್ರೆಸ್ ಕಸ ಬೆಳೆದಿದೆ. ಪಂಚಾಯ್ತಿಯವರು ಅದನ್ನು ಕೀಳಿಸಿ, ಅಳೆಸಿ, ಒಂದು ನೀರಿನ ದೋಣಿ ಕಟ್ಟಿಸಿದರೆ ಕುರಿಗಾರನ ಕುದುರೆಗೂ ಆದೀತು, ಹುಬ್ಬಳ್ಳಿಯವರದ್ದಕ್ಕೂ.

ಅಲ್ಲಿಯವರೆಗೆ ಎರಡು ಕಡೆ ಮಾತಾಡಿಟ್ಟುಕೊಳ್ಳಿ. ಜೂನ್‌ನಿಂದ ಜನವರಿವರೆಗೆ ಕಲಘಟಗಿ, ಕಡಲೆ ಕಿತ್ತ ಮೇಲೆ ನಮ್ಮಲ್ಲಿ. ಏಪ್ರಿಲ್‌ನಲ್ಲಿ ಎರೆ ಬಿರಿಯುವ ಮುಂಚೆ, ಗೊರಸು ಸಿಕ್ಕಿಕೊಳ್ಳುವ ಮುಂಚೆ, ನಾನೇ ಫೋನ್ ಮಾಡಿ ಕರೆಸುತ್ತೇನೆ. ಉಳಿದ ತಿಂಗಳ ಬಾಡಿಗೆ ನನಗೆ ಬೇಡ.