ವರದಿಯಲ್ಲಿ ‘ಇ.ಆರ್. ಪಾಸಿಟಿವ್’ ಎಂದಿದ್ದರೆ

ಹಾಲಹರವಿಯಿಂದ ಬಳ್ಳಾರಿಗೋ ಕರ್ನೂಲಿಗೋ ಹೋಗಿ ಸ್ತನದ ಗಂಟು ಪರೀಕ್ಷೆ ಮಾಡಿಸಿದ ಸೋದರಿಯರ ಕ್ಯಾನ್ಸರ್ ವರದಿಯಲ್ಲಿ ‘ಇ.ಆರ್. ಪಾಸಿಟಿವ್’ ಎಂದು ಬರೆದಿರುವುದುಂಟು. ಅರ್ಥ ಕೇಳುವ ಮೊದಲೇ ನಾವು ಆ ಕಾಗದವನ್ನು ಬೀರುವಿನಲ್ಲಿ ಬಚ್ಚಿಡುತ್ತೇವೆ. ಮದುವೆಗೆ ಬಂದ ಮಗಳಿದ್ದರಂತೂ ಹೇಳುವುದೇ ಬೇಡ!

ಆದೋನಿಯ ಹತ್ತಿ ಮಾರುಕಟ್ಟೆ ನಮಗೆಲ್ಲ ಗೊತ್ತು. ರಾಶಿಯ ಮುಂದೆ ಖರೀದಿದಾರ ನಿಂತರೆ ಸಾಲದು. ದಲಾಲಿ, ಗುಮಾಸ್ತ, ತೂಕದವನು, ಹಮಾಲರು ಕೂಡಿದರೇ ವ್ಯಾಪಾರ. ಜೀವಕೋಶದ ಕೇಂದ್ರದಲ್ಲೂ ಹಾಗೆಯೇ. ಇ.ಆರ್. ಎಂದರೆ ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನಿನ ಗ್ರಾಹಕ (ಅಂಗಡಿಯ ಗಿರಾಕಿಯಲ್ಲ!). ಹಾರ್ಮೋನು ಬಂದು ಸೇರಿದಾಗ ಗ್ರಾಹಕಗಳು ಜೋಡಿಯಾಗಿ ಜೀನ್ ಬಳಿ ಕೂರುತ್ತವೆ, ಸಹಾಯಕ ಪ್ರೋಟೀನುಗಳು ಸುತ್ತ ನೆರೆಯುತ್ತವೆ. ಇವು ಹನಿಯಂತೆ ಒಟ್ಟುಗೂಡುವುದನ್ನು 2018ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಆಗ ಜೀನ್ ಕೆಲಸಕ್ಕೆ ತೊಡಗುತ್ತದೆ, ಗಂಟು ಬೆಳೆಯುತ್ತದೆ.

ಟಾಮೊಕ್ಸಿಫೆನ್ ಮಾತ್ರೆ ಹಾರ್ಮೋನಿನ ಜಾಗದಲ್ಲಿ ತಾನು ಕೂರುತ್ತದೆ. ಗ್ರಾಹಕ ಜೀನ್ ಬಳಿಯೇ ಇದ್ದರೂ ಸಹಾಯಕರು ಹಿಡಿದುಕೊಳ್ಳುವ ಜಾಗ ಮುಚ್ಚಿಹೋಗುತ್ತದೆ, ವ್ಯವಹಾರ ನಿಲ್ಲುತ್ತದೆ. ಹಾಗಾಗಿ ‘ಪಾಸಿಟಿವ್’ ಎಂಬ ಮಾತಿಗೆ ಹೆದರಬೇಕಿಲ್ಲ. ಈ ಬಗೆಯ ಮದ್ದು ಹಿಡಿಯಲು ಅಲ್ಲಿ ಜಾಗವಿದೆ ಎಂದರ್ಥ.

ಸಾಮಾನ್ಯವಾಗಿ 5 ವರ್ಷ, ಕೆಲವರಿಗೆ 10 ವರ್ಷ ದಿನವೂ ನುಂಗಬೇಕು. ಮೈ ಬಿಸಿಯೇರುತ್ತದೆಂದೋ ಗಂಟು ಹೋಯಿತೆಂದೋ ನಡುವೆ ಬಿಟ್ಟರೆ ತೆರವಾದ ಜಾಗಕ್ಕೆ ಹಾರ್ಮೋನು ಮರಳುತ್ತದೆ. ಗರ್ಭಕೋಶದಲ್ಲಿ ಈ ಮದ್ದಿನ ನಡತೆಯೇ ಬೇರೆ. ಮುಟ್ಟು ನಿಂತವರಿಗೆ ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಪರ್ಯೂಷಣದ ಉಪವಾಸ ಹಿಡಿಯುವವರು ಮಾತ್ರೆಯ ವಿಷಯವನ್ನು ಅವರಲ್ಲಿ ಮೊದಲೇ ಕೇಳಿಕೊಳ್ಳಲಿ.