ನೀರಿನ ಮೇಲೆ ಬಾಗಿದ ಎಲೆ

ಮಳೆಗಾಲದ ಭಾನುವಾರ ಲೋಣಾವಳಾದ ಭೂಶಿ ಅಣೆಕಟ್ಟಿನ ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಮುಂಬೈ, ಪುಣೆಗಳಿಂದ ಬಂದವರು ಹರಿಯುವ ನೀರಿನಲ್ಲಿ ಕೂತು ಬಿಸಿಬಿಸಿ ಭಜಿ ತಿನ್ನುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ; ಎಷ್ಟೋ ಅಂಗಡಿಗಳ ಒಲೆ ಉರಿಯುವುದೇ ಆ ಜನರಿಂದ. ಆದರೆ ಬೆಟ್ಟದ ಪ್ರತಿ ತೊರೆಯನ್ನೂ ಹೀಗೆಯೇ ಮೆಟ್ಟಿಲು ಕಟ್ಟಿ, ದಡದ ಗಿಡ ಸವರಿ, ದೀಪ ಹಾಕಿ ಅಣಿಗೊಳಿಸಲು ಹೊರಟರೆ ಕಳೆದುಕೊಳ್ಳುವುದೇನು ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಇದೇ ಸಹ್ಯಾದ್ರಿ ಸಾಲಿನ ಬಾಂಬೆ ಇರುಳುಗಪ್ಪೆಯನ್ನು ನೋಡಿ. ವೈಜ್ಞಾನಿಕ ಹೆಸರು ನಿಕ್ಟಿಬಟ್ರಾಕಸ್ ಹುಮಾಯುನಿ. ಮುಂಬೈಯ ನಿಸರ್ಗತಜ್ಞ ಹುಮಾಯೂನ್ ಅಬ್ದುಲಾಲಿಯವರ ಗೌರವಾರ್ಥ ಇಟ್ಟದ್ದು. ಕಪ್ಪೆಕಾಲಿನ ರಫ್ತನ್ನು ಅವರು ಬಲವಾಗಿ ವಿರೋಧಿಸಿದ್ದರು. 1987ರಲ್ಲಿ ಭಾರತ ಅದನ್ನು ನಿಷೇಧಿಸಿತು.

ಎಸ್.ಡಿ. ಬಿಜು ಮತ್ತು ಸಂಗಡಿಗರು 2016ರಲ್ಲಿ ಈ ಕಪ್ಪೆಯ ಕೂಡಿಕೆಯ ವಿವರ ಪ್ರಕಟಿಸಿದರು. ಸಾಮಾನ್ಯವಾಗಿ ಗಂಡುಕಪ್ಪೆ ಹೆಣ್ಣನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ. ಇಲ್ಲಿ ಗಂಡು ಹೆಣ್ಣಿನ ಬೆನ್ನೇರಿದರೂ ಕೈ ಊರುವುದು ಎಲೆಗೋ ಕೊಂಬೆಗೋ. ಬೆನ್ನಿನ ಮೇಲೆ ವೀರ್ಯ ಬಿಟ್ಟು ಅದು ಇಳಿದುಹೋದ ಮೇಲೆ ಹೆಣ್ಣು ಮೊಟ್ಟೆಯಿಡುತ್ತದೆ. ಬೆನ್ನಿನಿಂದ ಜಾರುವ ವೀರ್ಯ ಮೊಟ್ಟೆಗಳನ್ನು ಸೇರುತ್ತದೆ. ಇದೆಲ್ಲ ನಡೆಯುವುದು ಇರುಳಿನಲ್ಲಿ, ನೀರಿನ ಮೇಲೆ ಬಾಗಿದ ಎಲೆಗಳ ಮೇಲೆ. ಮೊಟ್ಟೆಯಿಂದ ಹೊರಬಂದ ಗೊದಮೊಟ್ಟೆ ನೇರ ಕೆಳಗಿನ ನೀರಿಗೆ ಬೀಳಬೇಕು.

ಇದರ ದಾಯಾದಿಯೊಂದು ಉತ್ತರ ಕನ್ನಡದ ಕತ್ತಲೆಕಾನಿನಲ್ಲಿದೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಪರಿಚಯಿಸಿದ ಕುಂಬಾರ ಕಪ್ಪೆ ಅದು. ಅದರ ಮೊಟ್ಟೆಗಳೂ ನೀರಿನ ಮೇಲಿನ ಕೊಂಬೆಗೇ ಅಂಟಿರುತ್ತವೆ. ಗಂಡು ತೊರೆಯ ತಳದಿಂದ ಮಣ್ಣು ತೆಗೆದು, ಕೈಯಾರೆ ಅವುಗಳಿಗೆ ಮೆತ್ತುತ್ತದೆ.

ಎರಡಕ್ಕೂ ತೊರೆಯೆಂದರೆ ನೀರು, ತಳದ ಮಣ್ಣು, ಮೇಲೆ ಚಾಚಿದ ರೆಂಬೆ ಎಲ್ಲ ಸೇರಿದ ಒಂದೇ ಮನೆ. ದಡ ಚೊಕ್ಕಟ ಮಾಡಿದಾಗ ನೀರು ಮೊದಲಿನಂತೆಯೇ ಹರಿಯುತ್ತದೆ, ನೋಡುವವರಿಗೆ ಕೊರತೆ ಕಾಣುವುದಿಲ್ಲ. ಮೊಟ್ಟೆಯಿಡುವ ಜಾಗ ಮಾತ್ರ ಇಲ್ಲವಾಗಿರುತ್ತದೆ.

ಆದ್ದರಿಂದ ಕೇಳಬೇಕಾದದ್ದು ದೊಡ್ಡದೇನಲ್ಲ. ಭೂಶಿ ಇದ್ದಂತೆಯೇ ಜನರಿಗಿರಲಿ. ಇನ್ನೂ ಕಾಡಿನೊಳಗೆ ಹರಿಯುತ್ತಿರುವ ತೊರೆಗಳ ಎರಡೂ ಬದಿಯ ಗಿಡಗಂಟಿಗೆ ಕತ್ತಿ ತಾಗದಿರಲಿ, ಮಳೆಗಾಲದ ರಾತ್ರಿ ಅಲ್ಲಿ ದೀಪ ಉರಿಯದಿರಲಿ. ಪ್ರವಾಸೋದ್ಯಮದ ಯೋಜನೆ ಬರೆಯುವವರು ಇಷ್ಟನ್ನು ಮೊದಲ ಪುಟದಲ್ಲೇ ಸೇರಿಸಬಹುದು.